ಅಮ್ಮಾನಿನಲ್ಲಿ ಸಿಕ್ಕ ಅರ್ಧ ಅಡಿ

ಶಹಾಪುರ, ನಾಲಾ ಕ್ಯಾಂಪು

ಸೋತು ಬಂದಿದ್ದೇವೆ. ಇದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ಓದುವವರಿಗೂ ಹಗುರ. ಜೋರ್ಡಾನ್ ದೇಶದ ಅಮ್ಮಾನಿನಿಂದ ವಾಪಸು ಬಂದ ಮೇಲೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ, ಹತ್ತಿ ಅಡತಿಯ ಮುಂದೆ, ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: "ಕಪ್ ತಂದ್ರೇನ್ರಿ ಟೀಚರ್?" ತಂದಿಲ್ಲ. ತಂದದ್ದು ಬೇರೆ ಇದೆ, ಅದನ್ನು ಹೇಳಲಿಕ್ಕೇ ಕೂತಿದ್ದೇನೆ. ಕಪ್ಪಿನ ಸುದ್ದಿ ಮಾತ್ರ ಬೇಕಾದವರು ಇಲ್ಲಿಗೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ.

ನನ್ನ ಹೆಸರು ಶರಣಮ್ಮ. ಶಹಾಪುರದ ಹೊರಗಿನ ಒಂದು ನಾಲಾ ಕ್ಯಾಂಪಿನ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ನಮ್ಮಪ್ಪ ಅದೇ ನಾಲೆಗೆ ಮಣ್ಣು ಹೊತ್ತವರು. ಕೃಷ್ಣೆಯ ನೀರು ನಾಲೆಗೆ ಬಿಟ್ಟ ದಿನ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದರಂತೆ, ನನಗೆ ನೆನಪಿಲ್ಲ. ನೆನಪಿರುವುದು ಕ್ಯಾಂಪಿನ ಕಾಲೋನಿ. ಎಂಜಿನಿಯರ್ ಸಾಹೇಬರುಗಳು ತಮ್ಮ ಮಕ್ಕಳು ಆಡಲೆಂದು ಅಲ್ಲೊಂದು ಬಾಸ್ಕೆಟ್‌ಬಾಲ್ ಅಂಕಣ ಮಾಡಿಸಿದ್ದರು. ನೆಲಕ್ಕೆ ಶಹಾಬಾದಿ ಕಲ್ಲಿನ ಫರ್ಶಿ, ಎರಡು ತುದಿಗೆ ನಾಲೆಯ ಕೆಲಸದಲ್ಲಿ ಉಳಿದ ಪೈಪಿನ ಕಂಬ, ಕಂಬಕ್ಕೆ ಹಲಗೆ, ಹಲಗೆಗೆ ಕಬ್ಬಿಣದ ರಿಂಗು. ಕೆಲಸ ಮುಗಿದ ಮೇಲೆ ಸಾಹೇಬರು ಮಕ್ಕಳನ್ನು ಕರೆದುಕೊಂಡು ಹೋದರು. ಅಂಕಣವನ್ನು ಹೊತ್ತುಕೊಂಡು ಹೋಗಲಿಕ್ಕೆ ಆಗುವುದಿಲ್ಲವಲ್ಲ, ಅದು ನಮ್ಮ ಪಾಲಿಗೆ ಉಳಿಯಿತು.

ಆಟ ನನಗೆ ಯಾರೂ ಕಲಿಸಿಕೊಟ್ಟದ್ದಲ್ಲ. ನಾನು ಖೋಖೋ ಆಡಿ ಬಂದವಳು. ನಿಯಮದ ಪುಸ್ತಕ ಓದಿಕೊಂಡು, ಮಕ್ಕಳನ್ನು ಗದರಿಸಿಕೊಂಡು, ಬಿದ್ದ ಮಂಡಿಗೆ ಅರಿಶಿನ ಹಚ್ಚಿಕೊಂಡು ತಂಡ ಕಟ್ಟಿದೆ. ಹೆಣ್ಣುಮಕ್ಕಳಿಗೆ ಇದು ಯಾಕೆ ಬೇಕು ಎಂದವರಿಗೆ ನಾನು ಕೊಟ್ಟ ಉತ್ತರಗಳನ್ನು ಇಲ್ಲಿ ಬರೆದರೆ ಅಚ್ಚಾಗಲಿಕ್ಕಿಲ್ಲ.

ಆ ಅಂಕಣದಲ್ಲಿ ಬೆಳೆದವಳು ಮಾನಮ್ಮ. ತಿಂಥಣಿ ಕಡೆಯ ಹುಡುಗಿ, ಹೆಸರೇ ಹೇಳುತ್ತದೆ ಆ ಊರ ದೇವರ ಒಕ್ಕಲೆಂದು. ತಾಯಿ ನಾಲೆಯ ಕೆಳಗಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡುತ್ತಾಳೆ, ಇವಳು ಶಹಾಪುರದ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಹದಿನೈದು ವರ್ಷಕ್ಕೇ ನನಗಿಂತ ಒಂದು ತಲೆ ಎತ್ತರ. ನಮ್ಮ ಅಂಕಣದಲ್ಲಿ ಅವಳು ಎಸೆದ ಚೆಂಡು ಹೊರಗೆ ಬಿದ್ದದ್ದನ್ನು ಕಂಡವರು ಕಡಿಮೆ. ಆದರೆ ಊರು ಬಿಟ್ಟರೆ ಕತೆಯೇ ಬೇರೆ. ಕಲಬುರಗಿಗೆ ಹೋಗಲಿ, ಬೆಂಗಳೂರಿಗೆ ಹೋಗಲಿ, ಓಡುತ್ತಾಳೆ, ಎದುರಾಳಿಯ ಕೈಯಿಂದ ಚೆಂಡು ಕಸಿಯುತ್ತಾಳೆ, ಹಲಗೆಗೆ ಬಡಿದು ಬಂದ ಚೆಂಡನ್ನು ಜಿಗಿದು ಹಿಡಿಯುತ್ತಾಳೆ. ರಿಂಗಿಗೆ ಎಸೆದಳೆಂದರೆ ಮಾತ್ರ ಚೆಂಡು ರಿಂಗನ್ನು ದಾಟಿ ಹಿಂದಿನ ಕಬ್ಬಿಣಕ್ಕೆ ಬಡಿದು ವಾಪಸು. ಎಲ್ಲರೂ ಒಂದೇ ಕಾರಣ ಕೊಟ್ಟರು: ಹಳ್ಳಿ ಹುಡುಗಿ, ಹೊಸ ಜಾಗಕ್ಕೆ ಅಂಜುತ್ತಾಳೆ.

ಅವಳು ನನಗೆ ಎರಡು ಸಲ ಹೇಳಿದ್ದಳು. "ಟೀಚರ್, ಇವರ ರಿಂಗ್ ಗಿಡ್ಡ ಅವ್ರಿ." ನಾನು ಎರಡೂ ಸಲ ಬೈದಿದ್ದೆ. "ನೆಪ ಹೇಳಬ್ಯಾಡ. ಧೈರ್ಯ ಮಾಡು."

ಅಷ್ಟಾದರೂ ಕಸಿಯುವ ಕೈ, ಜಿಗಿಯುವ ಕಾಲು ನೋಡಿ ಅವಳನ್ನು ದೇಶದ ತಂಡಕ್ಕೆ ಹನ್ನೆರಡನೆಯವಳಾಗಿ ಆರಿಸಿದರು. ಏಷ್ಯಾದ ಹದಿನಾರು ವರ್ಷದೊಳಗಿನ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಪಂದ್ಯಾವಳಿ, ಅಮ್ಮಾನಿನಲ್ಲಿ. ಹೆಣ್ಣುಮಕ್ಕಳ ತಂಡದ ಜೊತೆ ಒಬ್ಬ ಹೆಂಗಸು ಇರಬೇಕು; ಹೋಗಬೇಕಾಗಿದ್ದವರು ಜ್ವರ ಬಂದು ಮಲಗಿದರು. ನನ್ನ ತಮ್ಮ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾಗ ನನಗೂ ಮಾಡಿಸಿಟ್ಟಿದ್ದ ಪಾಸ್‌ಪೋರ್ಟು ನನ್ನ ಟ್ರಂಕಿನಲ್ಲಿತ್ತು. ಹೀಗೆ ಯಾರದೋ ಜ್ವರದಿಂದ ನಾನು ಪರದೇಶ ಕಂಡೆ.

ವಿಮಾನ ಬದಲಿಸಿದ ಊರು

ಇಪ್ಪತ್ತು ವರ್ಷದಿಂದ ನನ್ನ ಕೊರಳಲ್ಲಿ ಒಂದು ಸ್ಟೀಲ್ ಸೀಟಿ ಇದೆ. ಮಲಗುವಾಗ ತೆಗೆಯುತ್ತೇನೆ, ಎದ್ದ ಕೂಡಲೇ ಹಾಕುತ್ತೇನೆ. ಯಾದಗಿರಿಯಲ್ಲಿ ರೈಲು ಹತ್ತಿದಾಗಲೂ ಇತ್ತು, ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಇತ್ತು. ನಡುದಾರಿಯಲ್ಲಿ ವಿಮಾನ ಬದಲಿಸುವ ಊರಿನಲ್ಲಿ ತಪಾಸಣೆಯ ಚೌಕಟ್ಟು ದಾಟಿದ ಕೂಡಲೇ ಆ ಚೌಕಟ್ಟು ಕಿರುಚಿಕೊಂಡಿತು. ಕರೀ ಕೋಟಿನ ಒಬ್ಬ ಹೆಣ್ಣುಮಗಳು ನನ್ನ ಕೊರಳಿಗೆ ಬೆರಳು ತೋರಿಸಿ ಇದೇನು ಎನ್ನುವ ಹಾಗೆ ಕೈ ತಿರುಗಿಸಿದಳು. ಇಂಗ್ಲಿಷಿನಲ್ಲಿ ಸೀಟಿಗೆ ಏನನ್ನುತ್ತಾರೋ ಆ ಗಳಿಗೆಗೆ ಹೊಳೆಯಲಿಲ್ಲ. ಊದಿ ತೋರಿಸಿದೆ.

ಊದಬಾರದಿತ್ತು. ನಮ್ಮ ಗ್ರೌಂಡಿನಲ್ಲಿ ಊದುವ ದಮ್ಮಿನಲ್ಲೇ ಊದಿದ್ದೆ. ಇಡೀ ಸಾಲು ನಿಂತಲ್ಲೇ ನಿಂತಿತು, ಒಂದು ಕೂಸು ಅಳಲು ಶುರುಮಾಡಿತು, ಇಬ್ಬರು ಪೊಲೀಸರು ಓಡಿಬಂದರು. ನಮ್ಮ ಹನ್ನೆರಡು ಹುಡುಗಿಯರು ಮಾತ್ರ ಅಭ್ಯಾಸಬಲದಿಂದ ಗಪ್ಪನೆ ಎರಡು ಸಾಲಾಗಿ ನಿಂತುಬಿಟ್ಟಿದ್ದರು. ನಮ್ಮ ಕೋಚ್ ಸಾಹೇಬರು ಬೆಂಗಳೂರಿನವರು, ಮೆಲುಮಾತಿನ ಮನುಷ್ಯ. "ಮೇಡಂ, ದಯವಿಟ್ಟು ಅದನ್ನ ಬ್ಯಾಗಲ್ಲಿ ಇಡಿ" ಎಂದು ಮುಖ ಮುಚ್ಚಿಕೊಂಡರು. ಇಟ್ಟೆ. ಅಮ್ಮಾನಿನಲ್ಲಿ ಇಳಿದ ಮೇಲೆ ಮತ್ತೆ ಹಾಕಿಕೊಂಡೆ.

ಅಮ್ಮಾನ್, ಮೊದಲ ದಿನಗಳು

ಊರೆಲ್ಲ ಬಿಳಿ ಕಲ್ಲು. ಗುಡ್ಡದ ಮೇಲೆ ಗುಡ್ಡ, ಗುಡ್ಡದ ತುಂಬ ಮನೆ, ಎಲ್ಲ ಮನೆಯೂ ಒಂದೇ ಬಣ್ಣದ ಕಲ್ಲಿನದು. ಸುರಪುರದ ಗುಡ್ಡಗಳನ್ನು ನೋಡಿ ಬೆಳೆದವಳಿಗೆ ಗುಡ್ಡ ಹೊಸದಲ್ಲ, ಆದರೆ ಗುಡ್ಡಕ್ಕೆ ಸುಣ್ಣ ಬಳಿದ ಹಾಗಿನ ಈ ಊರು ಕಣ್ಣಿಗೆ ಕುಕ್ಕುತ್ತಿತ್ತು.

ಅಲ್ಲಿನವರ ಒಂದು ಅಭ್ಯಾಸ ಕಂಡು ನನಗೆ ಊರಿನ ನೆನಪಾಗಿ ನಗು ಬಂತು. ಬೇಡ ಎನ್ನಲು ಬಾಯಿ ಬಿಡುವುದಿಲ್ಲ. ಗದ್ದ ಮೇಲೆತ್ತಿ ನಾಲಿಗೆಯಲ್ಲಿ 'ತ್ಚ' ಎನ್ನುತ್ತಾರೆ. ನಮ್ಮ ಕಡೆಯ ಮುದುಕಿಯರೂ ಹೀಗೇ. ಬೆಂಗಳೂರಿನ ಹುಡುಗಿಯರು ಅದನ್ನು ಸೊಕ್ಕು ಎಂದುಕೊಂಡು ಮುನಿಸಿಕೊಂಡರು, ನಾನೂ ಮಾನಮ್ಮನೂ ಎರಡನೆಯ ದಿನಕ್ಕೇ ಅವರ ಜೊತೆ ತ್ಚ ಎನ್ನುತ್ತ ವ್ಯವಹಾರ ಶುರುಮಾಡಿದ್ದೆವು. ತಂಡದ ಬಸ್ಸಿನ ಡ್ರೈವರ್ ಪರಿಚಯದವರು ಕಂಡಲ್ಲೆಲ್ಲ ಬಸ್ಸು ನಿಲ್ಲಿಸಿ, ಕಿಟಕಿಯಿಂದ ಕೈ ಕೊಟ್ಟು, ಮನೆಮಂದಿಯೆಲ್ಲರ ಆರೋಗ್ಯ ಕೇಳಿಯೇ ಮುಂದೆ ಹೋಗುತ್ತಿದ್ದ. ಹಿಂದಿನ ಗಾಡಿಗಳು ಹಾರ್ನು ಬಡಿಯುತ್ತಿದ್ದವು. ಕೋಚ್ ಸಾಹೇಬರು ಗಡಿಯಾರ ನೋಡಿ ಚಡಪಡಿಸುವರು. ಶಹಾಪುರ ಸುರಪುರ ನಡುವಿನ ಬಸ್ಸಿನಲ್ಲಿ ಓಡಾಡಿದ್ದರೆ ಅವರಿಗೂ ರೂಢಿಯಾಗಿರುತ್ತಿತ್ತು.

ಮೊದಲ ಎರಡು ಪಂದ್ಯ ಸೋತೆವು. ಮೊದಲನೆಯದರಲ್ಲಿ ಮಾನಮ್ಮನನ್ನು ಸ್ವಲ್ಪ ಹೊತ್ತು ಇಳಿಸಿದರು. ನಾಲ್ಕು ಸಲ ಎಸೆದಳು, ನಾಲ್ಕೂ ಸಲ ಚೆಂಡು ರಿಂಗಿನ ಹಿಂದಿನ ಅಂಚಿಗೆ ಬಡಿದು ಹಾರಿತು. ಎರಡನೆಯದರಲ್ಲಿ ಬೆಂಚಿನಿಂದ ಏಳಿಸಲೇ ಇಲ್ಲ. ಮರುದಿನ ಬೆಳಿಗ್ಗೆ ತಿಂಡಿಯ ಮೇಜಿಗೆ ಕೋಚ್ ಸಾಹೇಬರು ಒಂದು ಹಾಳೆ ಹಿಡಿದುಕೊಂಡು ಬಂದು ನನ್ನ ಎದುರು ಕೂತರು. ಪ್ರತಿ ಹುಡುಗಿಗೂ ಅಂಥದೊಂದು ಹಾಳೆ ಇರುತ್ತದೆ. ಪಂದ್ಯಾವಳಿ ಮುಗಿದ ಮೇಲೆ ಆಯ್ಕೆ ಮಾಡುವವರ ಕೈಗೆ ಹೋಗುತ್ತದೆ, ಮುಂದಿನ ಶಿಬಿರಕ್ಕೆ ಯಾರನ್ನು ಕರೆಯಬೇಕೆಂದು ಅದನ್ನು ನೋಡಿಯೇ ತೀರ್ಮಾನ. ಮಾನಮ್ಮನ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದರು: ಒತ್ತಡದಲ್ಲಿ ಅಂಜುತ್ತಾಳೆ.

"ಹುಡುಗಿ ಒಳ್ಳೆಯವಳೇ ಮೇಡಂ. ಆದರೆ ಹೊಸ ಜಾಗ ನೋಡಿದ್ರೆ ಹೆದರ್ತಾಳೆ. ತಪ್ಪು ಅವಳದಲ್ಲ ಬಿಡಿ. ನಿಮ್ಮ ಕಡೆ ಮಕ್ಕಳು ಸ್ವಲ್ಪ ಹಾಗೇ ಅಲ್ವಾ."

ನಮ್ಮ ಕಡೆ ಮಕ್ಕಳು! ನನ್ನ ಕೈಯಲ್ಲಿದ್ದ ರೊಟ್ಟಿಯ ತುಣುಕು ಕೈಯಲ್ಲೇ ಉಳಿಯಿತು. ಬಾಯಿಗೆ ಬಂದ ಮಾತನ್ನು ನುಂಗಿದೆ. ಯಾಕೆ ನುಂಗಿದೆ ಎನ್ನುವುದನ್ನೂ ಒಪ್ಪಿಕೊಳ್ಳುತ್ತೇನೆ: ಒಳಗೊಳಗೇ ನಾನೂ ಅದನ್ನೇ ನಂಬಿದ್ದೆ. ಆ ಸಾಲು ಹಾಗೇ ಹೋಯಿತೆಂದರೆ ಮಾನಮ್ಮನನ್ನು ಇನ್ನು ಯಾವ ಶಿಬಿರಕ್ಕೂ ಕರೆಯುವುದಿಲ್ಲ. ಉಳಿದದ್ದು ಒಂದೇ ಪಂದ್ಯ.

ನೀರು ಬರುವ ದಿನ

ಕ್ರೀಡಾಂಗಣದಲ್ಲಿ ನಮಗೆ ಸಹಾಯಕ್ಕೆಂದು ನೇಮಿಸಿದ್ದ ಸ್ಥಳೀಯ ಹೆಂಗಸು ಸಮೀರಾ. ನನ್ನದೇ ವಯಸ್ಸು, ತಲೆಗೆ ನೀಲಿ ಬಟ್ಟೆ, ಕಾಲಿಗೆ ಓಡುವ ಬೂಟು. ಅವಳದೂ ಮುರುಕು ಇಂಗ್ಲಿಷ್, ನನ್ನದೂ ಮುರುಕು ಇಂಗ್ಲಿಷ್, ಹಾಗಾಗಿ ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು. ಪಂದ್ಯವಿಲ್ಲದ ಆ ದಿನ ಚಹಾಕ್ಕೆ ಮನೆಗೆ ಕರೆದಳು. ಹೋದರೆ ಚಹಾ ಎಲ್ಲಿ ಬಂತು! ಅವತ್ತು ಅವರ ಓಣಿಗೆ ನೀರು ಬಂದಿತ್ತು. ವಾರಕ್ಕೊಮ್ಮೆ ಬರುವ ನೀರು. ಮನೆಯ ಮೇಲಿನ ಟ್ಯಾಂಕು ತುಂಬುವಷ್ಟರಲ್ಲಿ ಬಟ್ಟೆ ಒಗೆಯಬೇಕು, ನೆಲ ತೊಳೆಯಬೇಕು, ಬಕೀಟು ಬೋಗುಣಿ ತುಂಬಿಸಬೇಕು. ನಾನು ಸೀರೆಯ ಸೆರಗು ಸಿಕ್ಕಿಸಿ ಕೈಹಾಕಿದೆ. ಇಬ್ಬರೂ ಒದ್ದೆಯಾಗಿ, ಕಡೆಗೆ ಮೆಟ್ಟಿಲ ಮೇಲೆ ಕೂತು ಯಾವುದೋ ಪರಿಮಳದ ಎಲೆ ಹಾಕಿದ ಕರೀ ಚಹಾ ಕುಡಿದೆವು.

ನಮ್ಮ ನಾಲೆಗೂ ಪಾಳಿ ಇದೆ ಎಂದು ನಾನು ಹೇಳಿದೆ. ಮೇಲಿನವರು ಮೊದಲು ಹರಿಸಿಕೊಳ್ಳುತ್ತಾರೆ, ನಾಲೆಯ ತುದಿಯಲ್ಲಿರುವವರು ಕಾಯುತ್ತ ಕೂರುತ್ತಾರೆ. ಅವಳಿಗೆ ತುದಿಯವರ ಮಾತು ಚೆನ್ನಾಗಿ ತಿಳಿಯಿತು. ಈ ಪಂದ್ಯಾವಳಿಯೂ ಹಾಗೇ ಎಂದಳು. ಕ್ರೀಡಾಂಗಣದ ಗೋಡೆಯ ಮೇಲೆ ಹಿಂದಿನ ಪಂದ್ಯಾವಳಿಗಳ ಫೋಟೋ ತೂಗುಹಾಕಿದ್ದನ್ನು ನಾನೂ ನೋಡಿದ್ದೆ. ದೊಡ್ಡ ಹೆಂಗಸರ ಪಂದ್ಯಾವಳಿ ಬಹಳ ಹಳೆಯದು. ಹದಿನಾರರೊಳಗಿನ ಮಕ್ಕಳಿಗೂ ಒಂದು ಬೇಕೆಂದು ಏಷ್ಯಾದವರಿಗೆ ಹೊಳೆದದ್ದು ಎಷ್ಟೋ ವರ್ಷ ತಡವಾಗಿ. ಶುರುವಾದಂದಿನಿಂದ ಮೊದಲ ಹಲವು ಸಲ ಚೀನಾದ ಹುಡುಗಿಯರೇ ಕಪ್ ಎತ್ತಿದ್ದಾರೆ, ಪಕ್ಕದಲ್ಲಿ ಜಪಾನಿನವರು, ಕೊರಿಯಾದವರು. ಆಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಬಂದು ಸೇರಿಕೊಂಡ ಮೇಲೆ ಆಸ್ಟ್ರೇಲಿಯಾದವರು ಎತ್ತತೊಡಗಿದರು. ಪಂದ್ಯಾವಳಿಗೆ ಎರಡು ಮೆಟ್ಟಿಲು. ಮೇಲಿನ ಮೆಟ್ಟಿಲಲ್ಲಿ ಬಲಿಷ್ಠರು, ಕೆಳಗಿನದರಲ್ಲಿ ಉಳಿದವರು. ಕೆಳಗೆ ಗೆದ್ದವರು ಮೇಲೆ ಹತ್ತುತ್ತಾರೆ, ಮೇಲೆ ಸೋತವರು ಜಾರುತ್ತಾರೆ. ನಾವು ಹತ್ತಿದ್ದೂ ಉಂಟು, ಜಾರಿದ್ದೂ ಉಂಟು. ಈ ಸಲ ಮೇಲಿದ್ದೆವು, ಉಳಿದ ಪಂದ್ಯ ಸೋತರೆ ಜಾರಬೇಕು.

"ನೀನು ಆಡಿದ್ದಿಯಾ?" ಎಂದು ಕೇಳಿದೆ.

ಸಮೀರಾ ಗದ್ದ ಮೇಲೆತ್ತಿ ತ್ಚ ಎಂದಳು. ಆಡುತ್ತಿದ್ದಳು, ಊರಿಗೇ ಚೆನ್ನಾಗಿ ಆಡುತ್ತಿದ್ದಳು. ಆದರೆ ಅವಳ ಕಾಲಕ್ಕೆ ತಲೆಗೆ ಬಟ್ಟೆ ಕಟ್ಟಿಕೊಂಡು ಅಂತರರಾಷ್ಟ್ರೀಯ ಪಂದ್ಯಕ್ಕೆ ಇಳಿಯುವಂತಿರಲಿಲ್ಲ. ಅವಳು ಬಟ್ಟೆ ತೆಗೆಯಲು ಒಪ್ಪಲಿಲ್ಲ, ಅವರು ನಿಯಮ ತೆಗೆಯಲು ಒಪ್ಪಲಿಲ್ಲ. ಎಷ್ಟೋ ದೇಶದ ಹುಡುಗಿಯರು ವರ್ಷಗಟ್ಟಲೆ ಜಗಳ ಮಾಡಿದ ಮೇಲೆ ಆ ನಿಯಮ ಹೋಯಿತು. ಅಷ್ಟರಲ್ಲಿ ಇವಳಿಗೆ ಮೂರು ಮಕ್ಕಳು. ನಿನಗೆ ಸಿಟ್ಟು ಬರಲಿಲ್ಲವೇ ಎಂದೆ. ಬಂತು, ಅದಕ್ಕೇ ನಿಯಮದ ಪುಸ್ತಕ ಪೂರ್ತಿ ಬಾಯಿಪಾಠ ಮಾಡಿದೆ, ಈಗ ಅಂಕಣ ಅಳೆಯುವವಳು ನಾನೇ ಎಂದಳು. ಹಾಗೆ ಹೇಳುವಾಗ ಅವಳ ಮುಖದಲ್ಲಿದ್ದ ಗತ್ತು ನನಗೆ ಬಹಳ ಹಿಡಿಸಿತು.

ಹತ್ತು ಅಡಿಯ ಕೋಲು

ಮಾರನೆಯ ದಿನ ಬೆಳಗಿನ ತಾಲೀಮಿಗೆ ಮುಂಚೆ ಸಮೀರಾ ಒಂದು ಉದ್ದನೆಯ ಕೋಲು ಹಿಡಿದು ಬಂದಳು. ರಿಂಗಿನ ಎತ್ತರ ನೋಡುವ ಕೋಲು. ಬುಡ ಹಿಡಿದುಕೋ ಎಂದು ನನಗೆ ಕೊಟ್ಟು, ತಾನು ಸ್ಟೂಲು ಹತ್ತಿದಳು. ಕೋಲಿನ ತುದಿ ರಿಂಗಿಗೆ ಸರಿಯಾಗಿ ತಾಗಿತು. ಹತ್ತು ಅಡಿ. ಪಕ್ಕದಲ್ಲಿ ಮಾನಮ್ಮ ಚೆಂಡು ಬಗಲಲ್ಲಿಟ್ಟುಕೊಂಡು ನಿಂತಿದ್ದಳು.

"ನೋಡ್ರಿ ಟೀಚರ್, ಇದೂ ಗಿಡ್ಡ ಅದ."

"ಗಿಡ್ಡ ಎಲ್ಲಿ ಅದ? ಈಗ ಅಳದಿಲ್ಲೇನು? ಬರೋಬ್ಬರಿ ಹತ್ತು ಅಡಿ ಅದ."

"ಹಂಗಾದ್ರ ನಮ್ಮದು ಎಷ್ಟದ್ರಿ?"

ಇಷ್ಟು ವರ್ಷ ಆ ರಿಂಗಿನ ಕೆಳಗೆ ನಿಂತು ಸೀಟಿ ಊದಿದ್ದೇನೆ, ನೂರಾರು ಮಕ್ಕಳಿಗೆ ಹತ್ತು ಅಡಿ, ಹತ್ತು ಅಡಿ ಎಂದು ಪಾಠ ಹೇಳಿದ್ದೇನೆ, ಒಂದೇ ಒಂದು ಸಲ ಟೇಪು ಹಿಡಿದಿಲ್ಲ. ಎಂಜಿನಿಯರ್ ಸಾಹೇಬರು ಹಾಕಿಸಿದ್ದು, ತಪ್ಪಿರುತ್ತದೆಯೇ ಎನ್ನುವ ಭರವಸೆ. ಬೇರೆ ಊರಿನ ರಿಂಗು ತುಸು ತಗ್ಗಾಗಿ ಕಂಡಾಗಲೂ ಅವರ ನೆಲ ಎತ್ತರವಿರಬೇಕು ಎಂದುಕೊಂಡೆ. ಚೀಲದಿಂದ ಫೋನು ತೆಗೆದೆ.

ಶಹಾಪುರಕ್ಕೊಂದು ಫೋನು

ಖಾಜಾಸಾಬ್ ಮೇಸ್ತ್ರಿ ಇನ್ನೂ ಕ್ಯಾಂಪಿನಲ್ಲೇ ಇದ್ದಾರೆ. ನಾಲೆಯ ದಂಡೆ, ತೂಬು, ಕಾಲೋನಿಯ ಗೋಡೆ ಎಲ್ಲ ಅವರ ಕೈಯಲ್ಲಿ ಎದ್ದವು. ಅಂಕಣದ ಕಂಬ ನೆಟ್ಟವರೂ ಅವರೇ. ಅಲ್ಲಿ ಆಗ ಮಧ್ಯಾಹ್ನ, ಊಟ ಮುಗಿಸಿ ಕೂತಿದ್ದರು.

"ಸಲಾಂ ಟೀಚರಮ್ಮಾ! ಪರದೇಶ ಹೆಂಗದ? ಖಾನಾ ಪೀನಾ ಬರೋಬ್ಬರಿ ಅದ ಇಲ್ಲ?"

"ಎಲ್ಲಾ ಬರೋಬ್ಬರಿ ಅದರಿ ಮೇಸ್ತ್ರಿ. ಒಂದು ಕೆಲಸ ಆಗ್ಬೇಕಾಗಿತ್ತು. ಟೇಪ್ ತಗೊಂಡು ಗ್ರೌಂಡಿಗೆ ಹೋಗಿ ಆ ರಿಂಗ್ ಎಷ್ಟು ಎತ್ತರ ಅದ ಅಳದು ಹೇಳ್ರಿ."

"ಅಳಿಯೋದೇನ್ರಿ ಅದು? ನಾನೇ ಹಾಕೀನಲ್ಲ. ಹತ್ತೂವರಿ ಫೂಟು."

"ಹತ್ತೂವರಿ ಯಾಕ್ರೀ? ಸಾಹೇಬರು ಹತ್ತು ಅಂತ ಹೇಳಿದ್ದಿಲ್ಲೇನು?"

"ಹತ್ತೇ ಅಂತ ಕಾಗದದಾಗ ಬರದು ಕೊಟ್ಟಿದ್ರು. ಮತ್ತ ಫ್ರೀಬೋರ್ಡ್ ಬಿಡಬಾರದೇನ್ರಿ?"

ನಾಲೆಯ ನಾಡಿನವರಲ್ಲದವರಿಗೆ ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನಾಲೆಯಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೋ ದಂಡೆಯನ್ನು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಅದರ ಮೇಲೆ ಒಂದಿಷ್ಟು ಒಣ ದಂಡೆ ಎತ್ತುತ್ತಾರೆ, ನೀರು ಉಕ್ಕಿದರೆ ಹೊಲಕ್ಕೆ ನುಗ್ಗದಿರಲೆಂದು. ಆ ಹೆಚ್ಚುವರಿ ಎತ್ತರವೇ ಫ್ರೀಬೋರ್ಡು. ಜೀವಮಾನವಿಡೀ ಅದನ್ನು ಬಿಟ್ಟುಬಿಟ್ಟು ರೂಢಿಯಾದ ಕೈ ಇದು.

"ಅದು ನಾಲಾ ಅಲ್ರಿ ಮೇಸ್ತ್ರಿ, ಚೆಂಡು ಹಾಕೋ ರಿಂಗ್!"

"ಇರವಲ್ದ್ಯಾಕ. ಸಿಮೆಂಟು ನಾಲಾದ್ದು, ಪೈಪು ನಾಲಾದ್ದು, ಮೇಸ್ತ್ರಿ ನಾಲಾದಾಂವ. ಚೆಂಡು ಹತ್ತು ಫೂಟಿಗೆ ಹೋಗ್ತದಂದ್ರು. ಅದರ ಮ್ಯಾಲ ಅರ್ಧ ಫೂಟು ಬಿಟ್ಟೇನಿ. ಬಿಡಲಾರದ ಯಾರಾರ ಕಟ್ತಾರೇನ್ರಿ? ಹುಚ್ಚರು ಕಟ್ಟಬೇಕು."

ಆದರೂ ನನ್ನ ಮಾತಿಗೆ ಬೆಲೆ ಕೊಟ್ಟು ಬಿಸಿಲಲ್ಲಿ ಹೋಗಿ ಅಳೆದರು. ಅರ್ಧ ಗಂಟೆಯಲ್ಲಿ ಅವರ ಫೋನು ಬಂತು. "ಹತ್ತು ಫೂಟು ಆರು ಇಂಚು. ಎರಡೂ ಕಡಿ. ಒಂದು ಸೂತ ಸೈತ ಹೆಚ್ಚುಕಮ್ಮಿ ಇಲ್ಲ, ನೋಡ್ರಿ ಮತ್ತ!" ದನಿಯಲ್ಲಿ ಎಂಥ ಹೆಮ್ಮೆ ಎಂದರೆ ಬೈಯಲು ನನಗೆ ಬಾಯಿ ಬರಲಿಲ್ಲ. ತಪ್ಪು ಅವರದಕ್ಕಿಂತ ನನ್ನದು ದೊಡ್ಡದು. ಅವರು ಒಂದು ದಿನ ಮಾಡಿದ್ದನ್ನು ನಾನು ಇಪ್ಪತ್ತು ವರ್ಷ ನೋಡಲಿಲ್ಲ. ಈಗ ಊರಿಗೆ ಬಂದ ಮೇಲೆ ಅವರ ಕೈಯಿಂದಲೇ ಒಂದು ಕಡೆಯ ರಿಂಗನ್ನು ಹತ್ತಕ್ಕೆ ಇಳಿಸಿದ್ದೇನೆ, ಇನ್ನೊಂದನ್ನು ಹಾಗೇ ಬಿಟ್ಟಿದ್ದೇನೆ. ಯಾಕೆಂದು ಕೇಳಿದವರಿಗೆ ನನ್ನಿಷ್ಟ ಎಂದಿದ್ದೇನೆ.

ಮಾನಮ್ಮನನ್ನು ಕರೆದು ಹೇಳಿದೆ. ಮೊದಲು ನಕ್ಕಳು. ಫ್ರೀಬೋರ್ಡಿನ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ತಟ್ಟನೆ ನಗು ನಿಂತಿತು.

"ಅಂದ್ರ ನಾ ಅಂಜಿದ್ದಿಲ್ಲೇನ್ರಿ?"

"ಇಲ್ಲವ್ವ. ನೀ ಅಂಜಿದ್ದಿಲ್ಲ."

"ಎರಡು ವರ್ಷ ಆತ್ರಿ ಟೀಚರ್. ಎಲ್ಲರೂ ಅಂದು ಅಂದು, ನಾನು ಅಂಜುಬುರಕಿ ಅಂತ ನಾನೇ ನಂಬೀನಿ. ಕನ್ನಡಿ ಮುಂದ ನಿಂತು ನನಗ ನಾನೇ ಬೈಕೊಂಡೀನಿ. ನಿಮಗೂ ಹೇಳಿದ್ದೆ. ನೀವೂ ನೆಪ ಅಂದ್ರಿ."

"ಅಂದೆ. ತಪ್ಪಾತು. ನಂದೇ ತಪ್ಪು."

ಅವಳು ಅಳಲಿಲ್ಲ, ನಾನು ಅತ್ತೆ. ಪರದೇಶದ ಕ್ರೀಡಾಂಗಣದ ನಲ್ಲಿಯಲ್ಲಿ ಮುಖ ತೊಳೆದುಕೊಂಡೆ.

ಪಂದ್ಯ ಅವತ್ತೇ ಸಂಜೆ, ಒಂದು ಮಧ್ಯಾಹ್ನದಲ್ಲಿ ಕೈಯ ರೂಢಿ ಬದಲಾಗುವುದಿಲ್ಲ. ಕೈ ಬದಲಿಸುವುದಕ್ಕೆ ತಿಂಗಳುಗಳು ಬೇಕು ಎಂದೆ. ಮಾನಮ್ಮ ಚೆಂಡು ಪುಟಿಸಿದಳು. "ಕೈ ಯಾಕ ಬದಲ ಮಾಡ್ಬೇಕ್ರಿ? ಚೆಂಡು ಅರ್ಧ ಅಡಿ ಮುಂದ ಹೋಗಾಕತ್ತದ. ನಾನೇ ಅರ್ಧ ಅಡಿ ಹಿಂದ ನಿಂದರ್ತೀನಿ." ಫ್ರೀ ಥ್ರೋ ಗೆರೆಯಿಂದ ಅರ್ಧ ಅಡಿ ಹಿಂದೆ ನಿಂತು ಎಸೆದಳು. ಚೆಂಡು ಬಲೆಯಲ್ಲಿ ಇಳಿದು ಬಂತು. ಮತ್ತೆ ಎಸೆದಳು, ಮತ್ತೆ ಇಳಿಯಿತು. ನಾನು ಸಮೀರಾಳ ಕಡೆ ನೋಡಿದೆ. ಬಾಯಿಪಾಠ ಮಾಡಿದವಳಲ್ಲವೇ, ಎರಡು ಬೆರಳು ಅಲ್ಲಾಡಿಸಿ ಹೇಳಿದಳು: ಎದುರಾಳಿಯ ತಪ್ಪಿಗೆ ಸಿಗುವ ಫ್ರೀ ಥ್ರೋ ಎಸೆಯುವವಳು ಗೆರೆ ದಾಟಬಾರದು, ಅಷ್ಟೇ, ಅರ್ಧವೃತ್ತದ ಒಳಗೆ ಹಿಂದೆ ಎಲ್ಲಾದರೂ ನಿಲ್ಲಬಹುದು.

ಕೊನೆಯ ಪಂದ್ಯ

ಕೋಚ್ ಸಾಹೇಬರಿಗೆ ಹೇಳುವುದು ಸುಲಭವಿರಲಿಲ್ಲ. ಒಬ್ಬ ಪಿ.ಟಿ. ಟೀಚರ್ ತನ್ನ ಅಂಕಣದ ರಿಂಗು ತಪ್ಪೆಂದು ದೇಶದ ತಂಡದ ಕೋಚಿಗೆ ಹೇಳುವುದೆಂದರೆ ಮಾನ ಕಳೆದುಕೊಳ್ಳುವುದೇ. ಕಳೆದುಕೊಂಡರೆ ಕಳೆದುಕೊಂಡೆ ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ.

ಅವರು ನಿಟ್ಟುಸಿರು ಬಿಟ್ಟರು. "ಮೇಡಂ, ನಿಮ್ಮ ಹುಡುಗಿ ಮೇಲೆ ನಿಮಗೆ ಪ್ರೀತಿ ಇದೆ, ಅರ್ಥ ಆಗುತ್ತೆ. ಆದರೆ ಇದು ನೆಪ."

"ನೆಪ ಅಲ್ರಿ ಸರ್, ತಪ್ಪು. ತಪ್ಪು ನಂದು. ಬೇಕಾದ್ರ ನನ್ನ ಹೆಸರು ಬರದು ಈಕಿಗೆ ತಿಳಿವಳಿಕಿ ಇಲ್ಲ ಅಂತ ಬರೀರಿ. ಆದ್ರ ಆ ಹುಡುಗಿ ಹಾಳ್ಯಾಗ ಅಂಜ್ತಾಳ ಅಂತ ಬರೀಬ್ಯಾಡ್ರಿ. ಅದು ಸುಳ್ಳದ. ನಮ್ಮ ಕಡಿ ಮಕ್ಕಳು ಹಂಗಿಲ್ಲ."

ನನ್ನ ದನಿ ಏರಿತ್ತು, ಗೊತ್ತು. ಬಾಗಿಲ ಬಳಿ ಬೇರೆ ದೇಶದ ಕೋಚುಗಳು ತಿರುಗಿ ನೋಡಿದರು. ನೋಡಲಿ. ಸಾಹೇಬರು ಆಡಿದಾಗ ನೋಡೋಣ ಎಂದಷ್ಟೇ ಹೇಳಿ ಹಾಳೆಗಳ ಕಟ್ಟನ್ನು ಚೀಲಕ್ಕೆ ಸೇರಿಸಿದರು.

ಪಂದ್ಯ ಮೊದಲಿಂದಲೇ ನಮ್ಮದಾಗಿರಲಿಲ್ಲ. ಎದುರಿನವರು ದ್ವೀಪದೇಶದ ಹುಡುಗಿಯರು, ಗಾಳಿಯ ಹಾಗೆ ಓಡುತ್ತಿದ್ದರು. ಮೂರನೆಯ ಭಾಗದಲ್ಲಿ ನಮ್ಮವಳೊಬ್ಬಳ ಕಾಲು ಉಳುಕಿತು. ಬೆಂಚಿನಲ್ಲಿ ಉಳಿದಿದ್ದ ಎತ್ತರದ ಹುಡುಗಿ ಒಬ್ಬಳೇ. ಬೇರೆ ದಾರಿಯಿಲ್ಲದೆ ಸಾಹೇಬರು ಮಾನಮ್ಮನ ಕಡೆ ಕೈಮಾಡಿದರು.

ಇಳಿದ ಎರಡು ನಿಮಿಷಕ್ಕೆ ಚೆಂಡು ಕಸಿದು ನುಗ್ಗಿದಳು. ಎದುರಿನ ಹುಡುಗಿ ಕೈಗೆ ಹೊಡೆದಳು, ರೆಫರಿಯ ಸೀಟಿ ಬಿತ್ತು, ಎರಡು ಫ್ರೀ ಥ್ರೋ. ಮಾನಮ್ಮ ಗೆರೆಗೆ ಬಂದಳು. ಕೆಳಗೆ ನೋಡಿದಳು. ಅರ್ಧ ಅಡಿ ಹಿಂದೆ ಸರಿದಳು.

"ಮುಂದೆ ಬಾ! ಹೆದರಬೇಡ, ಮುಂದೆ ಬಾ!" ಸಾಹೇಬರು ಕೂಗಿದರು. ಎದುರಿನ ಬೆಂಚಿನ ಹುಡುಗಿಯರು ಬಾಯಿಗೆ ಕೈ ಅಡ್ಡಹಿಡಿದು ನಕ್ಕರು. ರೆಫರಿ ಅವಳ ಕಾಲು ನೋಡಿ, ಗೆರೆ ನೋಡಿ, ಏನೂ ಅನ್ನದೆ ಚೆಂಡು ಕೊಟ್ಟರು. ನನ್ನ ಸೀಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದೇನೆಂದು ನನಗೇ ತಿಳಿದಿರಲಿಲ್ಲ.

ಚೆಂಡು ಎದ್ದಿತು. ನಮ್ಮ ಕ್ಯಾಂಪಿನ ರಿಂಗಿಗೆ ಏಳುವಷ್ಟೇ ಎದ್ದಿತು. ಕಬ್ಬಿಣಕ್ಕೆ ತಾಗದೆ ಒಳಗೆ ಬಿತ್ತು. ಎರಡನೆಯದೂ ಬಿತ್ತು. ನಾಲ್ಕನೆಯ ಭಾಗದಲ್ಲಿ ಮತ್ತೆರಡು ಸಿಕ್ಕವು. ಮತ್ತೆ ಹಿಂದೆ ನಿಂತಳು, ಎರಡೂ ಬಿದ್ದವು. ಈಗ ನಗುವವರು ಯಾರೂ ಇರಲಿಲ್ಲ, ಮುಂದೆ ಬಾ ಎಂದು ಕೂಗುವವರೂ ಇರಲಿಲ್ಲ. ಕಡೆಯ ನಿಮಿಷಗಳಲ್ಲಿ ಇನ್ನೆರಡು. ಜನ ಆಗಲೇ ಎದ್ದು ಹೊರಡುತ್ತಿದ್ದರು, ಅಂಕದ ಹಲಗೆ ನೋಡಿದರೆ ನಮ್ಮ ಸೋಲು ಪಕ್ಕಾ ಆಗಿತ್ತು. ಆ ಎರಡನ್ನೂ ಹಾಕಿದಳು. ಆರಕ್ಕೆ ಆರು. ಅಂಕ ಬರೆಯುವ ಮೇಜಿನ ಹಿಂದೆ ನಿಂತಿದ್ದ ಸಮೀರಾ ನನ್ನ ಕಡೆ ನೋಡಿ ಗದ್ದವನ್ನು ಮೇಲಲ್ಲ, ಕೆಳಗೆ ಆಡಿಸಿದಳು.

ಸೋತೆವು. ಕೆಳಗಿನ ಮೆಟ್ಟಿಲಿಗೆ ಜಾರಿದೆವು. ಹುಡುಗಿಯರು ಅಳುತ್ತ ಬೂಟು ಬಿಚ್ಚುತ್ತಿದ್ದರು. ನಾನು ಒಬ್ಬೊಬ್ಬರ ಬೆನ್ನು ಸವರಿ, ನೀರು ಕೊಟ್ಟು, ಮಾನಮ್ಮನ ರಟ್ಟೆ ಹಿಡಿದುಕೊಂಡು ನೇರ ಸಾಹೇಬರ ಮುಂದೆ ಹೋಗಿ ನಿಂತೆ. ಅವರು ಹೊರಗಿನ ಪಡಸಾಲೆಯಲ್ಲಿ ಗೋಡೆಗೆ ಒರಗಿ ಹಾಳೆಗಳ ಕಟ್ಟು ಬಿಚ್ಚಿದ್ದರು.

"ಸರ್, ಆ ಸಾಲು."

ಅವರು ನನ್ನನ್ನು ನೋಡಲಿಲ್ಲ, ಅವಳನ್ನು ನೋಡಿದರು. "ಟೀಚರ್ ಹೇಳಿದ್ದು ಕೇಳಿದೀನಿ. ನಿನ್ನ ಬಾಯಲ್ಲಿ ಕೇಳ್ಬೇಕು. ನಾನು ಅಷ್ಟು ಕೂಗಿದ್ರೂ ಯಾಕೆ ಹಿಂದೆ ಸರಿದೆ?"

"ಹಿಂದ ಸರದಿಲ್ರಿ ಸರ್," ಎಂದಳು ಮಾನಮ್ಮ. "ನಾ ನಿಂದ್ರೋ ಜಾಗಾನೇ ಅದು."

ಸಾಹೇಬರು ಜೇಬಿನಿಂದ ಪೆನ್ನು ತೆಗೆದು, ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ಆ ಸಾಲಿನ ಮೇಲೆ ಒಂದು ಗೀಟು ಎಳೆದರು. ಮಾನಮ್ಮ ಕುತ್ತಿಗೆ ಚಾಚಿ ಹಾಳೆಯನ್ನು ನೋಡಿದಳು.

"ಇನ್ನಾ ಓದಾಕ ಬರಾಕತ್ತದ್ರಿ ಸರ್."

ಅವರು ಇನ್ನೊಂದು ಗೀಟು ಎಳೆದರು.